‘ಸೆರೆ’ ಪದದ ಸರದಿ

ನಿಘಂಟಿನ ಕಚೇರಿಯಲ್ಲಿ ಹಗೆ ಸಾಧಿಸುವವರೂ ಅಕಾರಾದಿಯನ್ನು ಪಾಲಿಸಬೇಕಾಗುತ್ತದೆ. ಕರಡಮ್ಮ ಅಲ್ಲಿಗೆ ಕೆಲಸಕ್ಕೆ ಸೇರಿದಾಗ ‘ಮ’ ಅರ್ಧ ಆಗಿತ್ತು. ಅವಳಿಗೆ ಬೇಕಾಗಿದ್ದ ಪದ ‘ಸ’ದಲ್ಲಿತ್ತು. ನಡುವೆ ಯ, ರ, ಲ, ವ, ಶ, ಷ. ಒಂದೊಂದರ ಹಿಂದೆಯೂ ಒಂದೊಂದು ಸಂಸಾರಕ್ಕಾಗುವಷ್ಟು ಜಗಳ. ‘ವ’ ಅಂತೂ ಇಬ್ಬರ ನಿವೃತ್ತಿಯನ್ನೇ ನುಂಗಿ ನೀರು ಕುಡಿಯಿತು. ಕರಡಮ್ಮ ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ. ತಲೆ ತಗ್ಗಿಸಿ ಕರಡಚ್ಚು ತಿದ್ದಿದಳು, ಚೀಟಿ ಜೋಡಿಸಿದಳು, ಕೊನೆಗೆ ಉಪಸಂಪಾದಕಿಯೂ ಆದಳು. ಹೆಸರು ಮಾತ್ರ ಕರಡಮ್ಮ ಎಂದೇ ಉಳಿಯಿತು. ಬೆನ್ನ ಹಿಂದೆ ಕೆಲವರು ಅದನ್ನು ಎಳೆದು ಕರಡಿಯಮ್ಮ ಮಾಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ತಪ್ಪು ಕಂಡರೆ ಪರಚುತ್ತಾಳೆ ಎಂಬ ಹೊಗಳಿಕೆ ಅದು ಎಂದುಕೊಂಡು ಸುಮ್ಮನಿದ್ದಳು.

ಪ್ರಧಾನ ಸಂಪಾದಕರನ್ನು ಎಲ್ಲರೂ ಪ್ರಧಾನರು ಎನ್ನುತ್ತಿದ್ದರು. ಅವಳಿಗೆ ಅವರು ಭಾವ. ತೀರಿಹೋದ ಅಕ್ಕನ ಗಂಡ. ಕಚೇರಿಯಲ್ಲಿ ಅವಳು ಅವರನ್ನು ಸರ್ ಎಂದು ಕರೆಯುತ್ತಿದ್ದಳು. ಮನಸ್ಸಿನಲ್ಲಿ ಕರೆಯುತ್ತಿದ್ದ ರೀತಿಯ ಪದಗಳನ್ನು ನಿಘಂಟಿಗೆ ಸೇರಿಸುವುದು ಬೇಡವೆಂದು ಸಮಿತಿ ‘ಬ’ ಮಾಡುವಾಗಲೇ ತೀರ್ಮಾನಿಸಿತ್ತು.

ಕಚೇರಿ ಇದ್ದದ್ದು ಛತ್ರಿ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೀದಿಯಿಂದ ನೇರಕ್ಕೆ ಏಣಿಯಂತೆ ಎದ್ದುನಿಂತ ಮರದ ಮೆಟ್ಟಿಲು, ಸವೆದು ನಡು ತಗ್ಗಿದ ಹಲಗೆಗಳು, ಹಿಡಿದುಕೊಳ್ಳಲು ಒಂದು ಬದಿಗೆ ಹಗ್ಗ. ಮೇಲೆ ಉದ್ದದ ಮೇಜು. ಪ್ರಧಾನರ ಮುಂದೆ ಆ ಮೇಜಿನ ಮೇಲೆ ಯಾವಾಗಲೂ ಕನ್ನಡಕದ ಎರಡು ಡಬ್ಬಿಗಳಿರುತ್ತಿದ್ದವು. ಕಂದು ಬಣ್ಣದ್ದು ಅವರದು. ಸಣ್ಣಕ್ಷರ ನೋಡಿ ನೋಡಿ ಈಗ ಅವರದೂ ಸೋಡಾಬುಡ್ಡಿಯೇ. ಇನ್ನೊಂದು ಹಸಿರು, ಮೂಲೆ ಒಡೆದದ್ದು. ಒಂದು ಹತ್ತಿರಕ್ಕೆ ಒಂದು ದೂರಕ್ಕೆ ಇರಬೇಕು ಎಂದು ಜನ ತಿಳಿದಿದ್ದರು. ಹೆಂಡತಿ ಹೋದ ಮೇಲೆ ಪತ್ರಿಕೆಯವರು ಸಂದರ್ಶನಕ್ಕೆ ಬಂದಾಗ ಪ್ರಧಾನರು ಹಸಿರು ಡಬ್ಬಿಯ ಮೇಲೆ ಅಂಗೈಯಿಟ್ಟು, “ಇದು ನಮ್ಮ ಮನೆಯವಳದ್ದು. ಜೊತೆಗಿರಲಿ ಅಂತ ಇಟ್ಕೊಂಡಿದೀನಿ” ಎಂದರು. ಅದು ಚಿತ್ರಸಮೇತ ಅಚ್ಚಾಯಿತು. ಓದಿದ ಹೆಂಗಸರು ತಂತಮ್ಮ ಗಂಡಂದಿರ ಮೇಜುಗಳನ್ನು ನೆನೆದು ನಿಟ್ಟುಸಿರಿಟ್ಟರು.

ಕರಡಮ್ಮನೂ ಓದಿದಳು. ಅವಳಿಗೆ ಆ ಡಬ್ಬಿಯ ಪೂರ್ವಾಶ್ರಮ ಗೊತ್ತಿತ್ತು.

ಅಕ್ಕನಿಗೆ ಕನ್ನಡಕವಿಲ್ಲದಿದ್ದರೆ ಎದುರು ನಿಂತ ಮನುಷ್ಯನೂ ಒಣಗಹಾಕಿದ ಅಂಗಿಯೂ ಒಂದೇ. ಇದ್ದರೆ ಎದುರುಮನೆಯ ಕ್ಯಾಲೆಂಡರನ್ನೂ ಇಲ್ಲಿಂದಲೇ ಓದಿ, ಅವರು ತಿಂಗಳು ಮಗುಚಿಲ್ಲವೆಂದು ಹೇಳುವವಳು. ಮದುವೆಯಾದ ಹೊಸತರಲ್ಲಿ ಅವಳು ಒಬ್ಬಳೇ ಬಸ್ಸು ಹತ್ತಿ ಯಾವುದೋ ಶಾಲೆಗೆ ಹೋಗಿ ಕೆಲಸ ಕೇಳಿ ಬಂದಳು. ಮಾರನೆಯ ದಿನದಿಂದ ಅವಳ ಕನ್ನಡಕ ಭಾವನ ಚೀಲದಲ್ಲಿ ಕಚೇರಿಗೆ ಹೊರಡತೊಡಗಿತು. ಕಣ್ಣಿಗೆ ವಿಶ್ರಾಂತಿ ಬೇಕು ಎಂಬುದು ಕಾರಣ. ಸಂಜೆ ಅದು ಭಾವನ ಜೊತೆಗೇ ವಾಪಸು ಬರುತ್ತಿತ್ತು. ಅಡುಗೆಗೆ ಕಣ್ಣು ಬೇಕಲ್ಲ.

ಕರಡಮ್ಮ ಆಗ ಕಾಲೇಜಿನ ಹುಡುಗಿ. ಒಂದು ಮಧ್ಯಾಹ್ನ ಹೋದಾಗ ಬಾಗಿಲು ಪೂರ್ತಿ ತೆರೆದಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ದವಳು ಹೆಜ್ಜೆಯ ಸದ್ದಿಗೇ “ಪುಟ್ಟೀನಾ?” ಎಂದಳು.

“ಬಾಗಿಲು ಹಾಕ್ಕೊಳ್ಳೋದಲ್ವಾ ಅಕ್ಕ? ಯಾರಾದ್ರೂ ಬಂದ್ರೆ?”

“ಯಾರು ಬಂದ್ರೂ ನನಗೆ ಕಾಣಲ್ಲ, ಬಿಡು. ಬಾಗಿಲು ತೆಗೆದೇ ಇರತ್ತೆ ಪುಟ್ಟಿ. ನನ್ನ ಕನ್ನಡಕ ಆಫೀಸಿಗೆ ಹೋಗಿರತ್ತೆ.”

ಅಕ್ಕ ಅದನ್ನು ನಗುತ್ತಲೇ ಹೇಳಿದಳು, ಮನೆಯಲ್ಲಿ ದುಡಿಯುವವರು ಇನ್ನೊಬ್ಬರಿದ್ದಾರೆ ಎಂಬಂತೆ. ಪುಟ್ಟಿಗೆ ನಗು ಬರಲಿಲ್ಲ. ಓಡಿಬಂದು ಅಮ್ಮನಿಗೆ ಹೇಳಿದಳು: “ಅಮ್ಮಾ, ಭಾವ ಅಕ್ಕನ್ನ ಸೆರೆಯಲ್ಲಿಟ್ಟಿದ್ದಾರೆ.”

ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ತಲೆಯೆತ್ತಲಿಲ್ಲ. “ಬೀಗ ಹಾಕ್ಕೊಂಡು ಹೋಗ್ತಾರಾ?”

“ಇಲ್ಲ.”

“ಕಟ್ಟಿಹಾಕ್ತಾರಾ? ಹೊಡೀತಾರಾ?”

“ಇಲ್ಲ.”

“ಬಾಗಿಲು ಹಾರುಹೊಡ್ಕೊಂಡಿತ್ತು ಅಂತ ನೀನೇ ಅಂತೀಯ, ಸೆರೆ ಅಂತಾನೂ ಅಂತೀಯ. ದೊಡ್ಡ ಮಾತು ಆಡೋಕೆ ಮುಂಚೆ ಅರ್ಥ ತಿಳ್ಕೊಂಡು ಬಾ. ನಿಮ್ಮ ಭಾವನ್ನೇ ಕೇಳು, ಅರ್ಥ ಹೇಳೋದೇ ಅವರ ಕೆಲಸ.”

ಹೀಗೆ ಪದದ ಅರ್ಥ ಇಕ್ಕಟ್ಟಾಗಿದ್ದ ಕಾರಣಕ್ಕೆ ಅಕ್ಕ ಅದರೊಳಗೆ ಹಿಡಿಸಲಿಲ್ಲ, ಇದ್ದಲ್ಲೇ ಉಳಿದಳು. ಪುಟ್ಟಿ ಕದ್ದು ಇನ್ನೊಂದು ಕನ್ನಡಕ ಮಾಡಿಸಿಕೊಟ್ಟಳು. ಭಾವ ಅದನ್ನು ಹುಡುಕಿ ತೆಗೆದು, “ಕನ್ನಡಕದ ಮೇಲೆ ಕನ್ನಡಕ ಹಾಕ್ಕೋತಾಳಾ ನಿಮ್ಮಕ್ಕ?” ಎಂದು ತಮಾಷೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಪುಟ್ಟಿ ಬಂದುಹೋದರೆ ಅಕ್ಕನಿಗೆ ಆಯಾಸವಾಗುತ್ತದೆ ಎಂದು ಅಮ್ಮನಿಗೆ ಹೇಳಿಕಳಿಸಿದರು. ಅಮ್ಮ ಅದನ್ನೂ ನಂಬಿದಳು. ಅಳಿಯನನ್ನು ನಂಬುವುದರಲ್ಲಿ ಅಮ್ಮನ ಕೈ ಯಾವತ್ತೂ ಧಾರಾಳ.

ವರ್ಷಗಳು ಹೋದವು. ಒಂದು ಮಧ್ಯಾಹ್ನ ಅಕ್ಕ ಮನೆಯ ಮುಂದಿನ ಮೆಟ್ಟಿಲಿನಿಂದ ಬಿದ್ದು ತಲೆಗೆ ಏಟಾಗಿ ಹೋಗಿಬಿಟ್ಟಳು. ತರಕಾರಿಗೆ ಹೊರಟಿದ್ದಳು ಪಾಪ, ಕಣ್ಣು ಸರಿಯಿರಲಿಲ್ಲ ಎಂದು ಭಾವ ಬಂದವರಿಗೆಲ್ಲ ಹೇಳಿದರು. ಕೈಯಲ್ಲಿದ್ದ ಚೀಲವನ್ನು ಬಿಚ್ಚಿ ನೋಡಿದವಳು ಪುಟ್ಟಿ ಒಬ್ಬಳೇ. ಒಳಗೆ ಮಡಿಸಿದ ಬಟ್ಟೆಗಳಿದ್ದವು, ಬಾಚಣಿಗೆಯಿತ್ತು. ಯಾವ ತರಕಾರಿಯವನೂ ಬಾಚಣಿಗೆ ತರಲು ಹೇಳುವುದಿಲ್ಲ.

ಆ ವರ್ಷವೇ ನಿಘಂಟಿನ ಕಚೇರಿಯಲ್ಲಿ ಕೆಲಸ ಖಾಲಿಯಾಯಿತು. ಅವಳು ಅರ್ಜಿ ಹಾಕಿದಳು. ಸಂತಾಪದ ಮಾತುಗಳು ಇನ್ನೂ ಜನರ ಬಾಯಲ್ಲಿ ಹಸಿಯಾಗಿದ್ದಾಗ ನಾದಿನಿಯನ್ನು ಬೇಡ ಎನ್ನುವುದು ಪ್ರಧಾನರಿಗೆ ಆಗಲಿಲ್ಲ.

ಈಗ ಕೊನೆಯ ಸಂಪುಟ ಅಚ್ಚಿಗೆ ಹೋಗುವ ಹಂತದಲ್ಲಿತ್ತು. ಮುಂಭಾಗದ ಪುಟಗಳ ಕರಡು ಮೊದಲೇ ಬಂದಿತ್ತು, ಅದರಲ್ಲಿ ಅರ್ಪಣೆಯೂ ಇತ್ತು. ಪ್ರಧಾನರು ಸ್ವಹಸ್ತದಿಂದ ಬರೆದದ್ದು: “ಮನೆಯನ್ನೇ ಲೋಕವೆಂದು ಬಗೆದು, ಹೊಸ್ತಿಲು ದಾಟದೆ ಬಾಳಿದ ನನ್ನ ಬಾಳಗೆಳತಿಗೆ.”

ಕರಡಮ್ಮ ಅದನ್ನು ಕರಡು ತಿದ್ದುವವಳ ಕಣ್ಣಿನಿಂದ ಓದಿದಳು. ಕಾಗುಣಿತ ಸರಿ, ಚಿಹ್ನೆ ಸರಿ. ಹೊಸ್ತಿಲು ದಾಟಿದ್ದಕ್ಕೇ ಸತ್ತವಳನ್ನು ಹೊಸ್ತಿಲು ದಾಟದವಳು ಎಂದು ದಪ್ಪ ರಟ್ಟಿನೊಳಗೆ ಹೊಲಿದು, ಊರೂರಿನ ಗ್ರಂಥಾಲಯಗಳ ಕಪಾಟಿನಲ್ಲಿ ನಿಲ್ಲಿಸುತ್ತಾರೆ. ಈ ಸಾಲು ಅಚ್ಚಾಗಕೂಡದು. ಅವಳು ಕಾದದ್ದಕ್ಕೆ ಈಗ ಒಂದು ಗುರಿ ಸಿಕ್ಕಿತು. ಅರ್ಪಣೆಯನ್ನು ಭಾವನೇ, ತಮ್ಮದೇ ಪೆನ್ನಿನಿಂದ ಹೊಡೆದು ಹಾಕಬೇಕು.

ಅದಕ್ಕೆ ಬೇಕಾದ ನಿಯಮಗಳನ್ನು ಭಾವನೇ ಮಾಡಿಟ್ಟಿದ್ದರು. ವಾರಕ್ಕೊಮ್ಮೆ ಸಮಿತಿ ಸೇರುತ್ತದೆ, ಪದಗಳ ಅರ್ಥವನ್ನು ಗಟ್ಟಿಯಾಗಿ ಓದಲಾಗುತ್ತದೆ. ಒಪ್ಪಿದವರು ಬೆರಳ ಗೆಣ್ಣಿನಿಂದ ಮೇಜು ತಟ್ಟಬೇಕು. ಎಲ್ಲರೂ ತಟ್ಟಿದ ಅರ್ಥವನ್ನು ಆಮೇಲೆ ಯಾರೂ, ಪ್ರಧಾನರೂ, ಮುಟ್ಟುವಂತಿಲ್ಲ. ಅರ್ಥದ ಕೆಳಗೆ ಬಳಕೆಗೆ ಒಂದು ವಾಕ್ಯ ಬೇಕು. ಕೂತು ಕಟ್ಟಿದ ವಾಕ್ಯ ಸಲ್ಲದು, ಯಾರೋ ನಿಜವಾಗಿ ಆಡಿದ್ದಾಗಿರಬೇಕು, ಆಡಿದವರು ಇಂಥವರೆಂದು ಕೆಳಗೆ ಕಾಣಿಸಬೇಕು. ವಾಕ್ಯಕ್ಕೆ ಮಾತ್ರ ಹೆಚ್ಚು ಜನರ ಒಪ್ಪಿಗೆ ಸಾಕು. ತಮ್ಮ ವಾಕ್ಯಗಳಿಗೆಲ್ಲ ಮೇಷ್ಟ್ರು ಅಡ್ಡಗಾಲು ಹಾಕುತ್ತಾರೆಂದು ಪ್ರಧಾನರು ತಂದ ತಿದ್ದುಪಡಿ ಅದು.

ಮೇಷ್ಟ್ರು ಎಂದರೆ ನಿವೃತ್ತ ಭಾಷಾ ಶಿಕ್ಷಕರು. ‘ಕ’ ಕಾಲದಿಂದಲೂ ಸಮಿತಿಯಲ್ಲಿದ್ದವರು, ಟೀ ಬರುವ ಹೊತ್ತನ್ನು ಪದಗಳ ಲೆಕ್ಕದಲ್ಲಿ ಹೇಳಬಲ್ಲವರು. ಇನ್ನೊಬ್ಬರು ಲಾಯರಮ್ಮ. ಕಾನೂನಿನ ಪದಗಳಿಗೆಂದು ಇತ್ತೀಚೆಗೆ ಸೇರಿಸಿಕೊಂಡಿದ್ದರು. ಕಾನೂನಿಗೆ ಸಂಬಂಧವಿಲ್ಲದ ಪದ ಯಾವುದೂ ಇಲ್ಲವೆಂದು ಅವರ ನಂಬಿಕೆ.

‘ಸೆರೆ’ಯ ಸರದಿ ಬಂದ ಮಧ್ಯಾಹ್ನ ಕರಡಮ್ಮ ಚೀಟಿ ಹಿಡಿದು ಓದಿದಳು: “ಸೆರೆ. ಬೀಗ ಹಾಕಿದ ಜಾಗದಲ್ಲಿ ಒಬ್ಬರನ್ನು ಕೂಡಿಡುವುದು.”

ಇಷ್ಟು ಕೆಟ್ಟದಾಗಿ ಬರೆಯುವುದು ಅವಳಿಗೆ ಸುಲಭವಾಗಿರಲಿಲ್ಲ. ಹಲವು ಸಂಜೆ ಹಿಡಿದಿತ್ತು.

“ಆಯ್ತಲ್ಲ” ಎಂದರು ಮೇಷ್ಟ್ರು. “ತಟ್ಟಿಬಿಡೋಣ. ‘ಸೆಲೆ’ ಹೊತ್ತಿಗೆ ಟೀ ಬರತ್ತೆ.”

ಪ್ರಧಾನರ ಮುಖದಲ್ಲಿ ಹಲ್ಲಿಗೆ ಕಲ್ಲು ಸಿಕ್ಕಿದಂಥ ಭಾವ. ಇನ್ನೊಬ್ಬರ ಸಾಲ, ಇನ್ನೊಬ್ಬರ ಕಣ್ಣೀರು, ಎಲ್ಲವನ್ನೂ ತಡೆದುಕೊಳ್ಳಬಲ್ಲ ಮನುಷ್ಯ ಅವರು. ಸಡಿಲವಾದ ಅರ್ಥವನ್ನು ತಡೆದುಕೊಳ್ಳಲಾರರು. “ಬೀಗ ಯಾಕಮ್ಮ ಬಂತು ಇಲ್ಲಿ?”

“ಸೆರೆ ಅಂದ್ಮೇಲೆ ಬೀಗ ಇರಬೇಕಲ್ವಾ ಸರ್. ನಮ್ಮಮ್ಮನೂ ಹಾಗೇ ಹೇಳ್ತಿದ್ರು.”

“ಅಮ್ಮಂದಿರನ್ನ ಕೇಳಿ ನಿಘಂಟು ಬರೆಯೋದಾದ್ರೆ ನಾವೆಲ್ಲ ಯಾಕೆ ಕೂತಿದೀವಿ?” ಮೇಷ್ಟ್ರು ನಕ್ಕರು. ಪ್ರಧಾನರಿಗೆ ಹುರುಪು ಬಂತು. “ಯುದ್ಧದಲ್ಲಿ ಸೆರೆ ಸಿಕ್ಕವನನ್ನ ಬಯಲಲ್ಲಿ ಕೂರಿಸಿರ್ತಾರೆ. ಬಯಲಿಗೆ ಯಾವ ಬೀಗ? ಬೀಗ ಬರೀ ಸಾಧನ. ಸಾಧನ ಬೇರೆ, ಲಕ್ಷಣ ಬೇರೆ.”

ಲಾಯರಮ್ಮ ಕುರ್ಚಿ ಮುಂದಕ್ಕೆಳೆದರು. “ಬಾಗಿಲು ತೆಗೆದಿದ್ರೂ ಸೆರೆ ಆಗತ್ತಾ ಹಾಗಾದ್ರೆ? ಕೋರ್ಟಲ್ಲಿ ಎದುರು ಕಡೆಯವರು ಮೊದಲು ಹೇಳೋದೇ ಅದು. ಬಾಗಿಲು ತೆಗೆದೇ ಇತ್ತು, ಹೋಗಬೇಕಿದ್ರೆ ಹೋಗಬಹುದಿತ್ತು ಅಂತ.”

“ಹೇಳ್ತಾರೆ. ಅದು ಕಳ್ಳವಾದ. ಹೋಗೋಕೆ ಬಾಗಿಲೊಂದೇ ಸಾಕೇನ್ರೀ? ಹೋಗೋಕೆ ಏನು ಬೇಕೋ ಅದು ಅವನ ಕೈಲಿರಬೇಕು. ಅದನ್ನ ಇನ್ನೊಬ್ಬ ಎತ್ತಿಟ್ಕೊಂಡ್ಮೇಲೆ ಬಾಗಿಲು ಇದ್ದರೆಷ್ಟು, ಬಿಟ್ಟರೆಷ್ಟು.” ಅವರು ಕಣ್ಣು ಅರೆಮುಚ್ಚಿದರು. ಒಳ್ಳೆಯ ಅರ್ಥವೊಂದು ಬರುವಾಗ ಹಾಗೆ ಮಾಡುವುದು ಅವರ ರೂಢಿ. “ಬರ್ಕೊಮ್ಮ. ಸೆರೆ. ಒಬ್ಬರು ಹೋಗುವುದಕ್ಕೆ ಬೇಕಾದುದನ್ನು ಇನ್ನೊಬ್ಬರು ತಮ್ಮ ವಶದಲ್ಲಿಟ್ಟುಕೊಂಡು, ಅವರನ್ನು ಇದ್ದಲ್ಲೇ ಇರಿಸುವುದು. ಬೀಗ, ಬೇಡಿ, ಕಾವಲು ಇರಲೇಬೇಕೆಂದಿಲ್ಲ. ಬಾಗಿಲು ತೆರೆದಿರಬಹುದು.”

ಕರಡಮ್ಮ ಬರೆದುಕೊಂಡಳು. ಅಮ್ಮ ತರಕಾರಿ ಹೆಚ್ಚುತ್ತ ಕೇಳಿದ ಪ್ರಶ್ನೆಗಳಿಗೆಲ್ಲ ಒಂದೇ ಉಸಿರಿನಲ್ಲಿ ಉತ್ತರ ಬಂದಿತ್ತು, ಅದೂ ಅಮ್ಮ ಕೇಳಲು ಹೇಳಿದವರಿಂದಲೇ. ಕೇಳಲು ಅಮ್ಮನೇ ಇರಲಿಲ್ಲ, ಅಷ್ಟೆ.

ಪ್ರಧಾನರು ತಾವೇ ಮೊದಲು ಮೇಜು ತಟ್ಟಿದರು. ಲಾಯರಮ್ಮನೂ ಕರಡಮ್ಮನೂ ತಟ್ಟಿದರು. ಮೇಷ್ಟ್ರು, “ಇಂಥದ್ದು ನಿಮ್ಮಿಂದಲೇ ಆಗಬೇಕು ಪ್ರಧಾನರೇ” ಎಂದು ಎರಡು ಸಲ ತಟ್ಟಿದರು. ಅರ್ಥ ಮುಗಿಯಿತು.

“ವಾಕ್ಯ?” ಎಂದರು ಪ್ರಧಾನರು.

“ಮನೆಗೆಲಸದವಳ ಪಾಸ್‌ಪೋರ್ಟ್ ಕಿತ್ತಿಟ್ಕೊಂಡ ಕೇಸು ನನ್ನ ಹತ್ರ ಇತ್ತು” ಎಂದರು ಲಾಯರಮ್ಮ. “ಅವಳು ಏನಂದಳು ಅನ್ನೋದು ಮಾತ್ರ ಅದೇ ಪದಗಳಲ್ಲಿ ನೆನಪಿಲ್ಲ.”

“ನೆನಪಿಲ್ಲದ್ದು ಬೇಡ.”

“ನನ್ನ ಹತ್ರ ಒಂದಿದೆ ಸರ್” ಎಂದಳು ಕರಡಮ್ಮ. “ಆಡಿದ್ದೇ. ನಾನೇ ಕಿವಿಯಾರೆ ಕೇಳಿದ್ದು.” ಈ ಸಲ ಅವಳು ಚೀಟಿ ನೋಡಲಿಲ್ಲ. “ಬಾಗಿಲು ತೆಗೆದೇ ಇರತ್ತೆ ಪುಟ್ಟಿ. ನನ್ನ ಕನ್ನಡಕ ಆಫೀಸಿಗೆ ಹೋಗಿರತ್ತೆ.”

ಪ್ರಧಾನರ ಅರೆಮುಚ್ಚಿದ ಕಣ್ಣು ಪೂರ್ತಿ ತೆರೆಯಿತು.

“ಸೊಗಸಾಗಿದೆ” ಎಂದರು ಮೇಷ್ಟ್ರು. “ಕನ್ನಡಕ ಆಫೀಸಿಗೆ ಹೋಗತ್ತೆ, ನೋಡಿ. ಯಾರಮ್ಮ ಆಡಿದ್ದು?”

“ನಮ್ಮಕ್ಕ.”

ಮೇಜು ತಟ್ಟಲು ಎತ್ತಿದ್ದ ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ಅವರ ನೋಟ ನಿಧಾನವಾಗಿ ಹಸಿರು ಡಬ್ಬಿಗೆ ಹೋಯಿತು, ಅಲ್ಲಿಂದ ಪ್ರಧಾನರ ಮುಖಕ್ಕೆ, ಮತ್ತೆ ಡಬ್ಬಿಗೆ. “ಪ್ರಧಾನರೇ, ನಾವು ‘ಕನ್ನಡಕ’ ಪದ ಮಾಡಿದ ದಿನ ನೀವು ಇದೇ ಡಬ್ಬಿ ತೆಗೆದು, ಒಳಗಿನದನ್ನ ಎತ್ತಿ ತೋರಿಸಿದ್ರಿ. ಎಷ್ಟು ದಪ್ಪ ಗಾಜು ಅಂತ ನಾನು ಅಂದಿದ್ದೆ.”

“ಇರಬಹುದು.”

“ಆಗ ಅವರು ಬದುಕಿದ್ರಲ್ಲ. ಎಷ್ಟೋ ವರ್ಷ ಆಮೇಲೂ ಇದ್ರಲ್ಲ.” ಮೇಷ್ಟ್ರು ಆಪಾದನೆ ಮಾಡುತ್ತಿರಲಿಲ್ಲ. ಪಾಠದಲ್ಲಿ ಒಂದು ಪುಟ ಬಿಟ್ಟುಹೋದದ್ದು ಈಗ ಕಂಡವರಂತೆ ಕೇಳುತ್ತಿದ್ದರು. “ದಿನಾ ಇಲ್ಲೇ ಇರ್ತಿತ್ತು ಇದು.”

“ಅವಳ ಕಣ್ಣು ಸೂಕ್ಷ್ಮ ಇತ್ತು” ಎಂದರು ಪ್ರಧಾನರು. “ಹೊರಗೆ ಹೋದ್ರೆ ಎಲ್ಲಾದ್ರೂ ಬಿದ್ದುಬಿಡ್ತಾಳೆ ಅಂತ. ಅವಳ ಒಳ್ಳೇದಕ್ಕೆ.”

ಲಾಯರಮ್ಮನ ದನಿ ಬಹಳ ಮೃದುವಾಗಿತ್ತು. ಕೋರ್ಟಿನಲ್ಲಿ ಅವರನ್ನು ಕಂಡವರಿಗೆ ಆ ಮೃದುತನದ ಭಯವಿತ್ತು. “ಕನ್ನಡಕ ಹಾಕ್ಕೊಂಡು ಬಿದ್ರಾ ಸರ್, ಹಾಕ್ಕೊಳ್ಳದೆ ಬಿದ್ರಾ?”

ಕೆಳಗಿನ ಅಂಗಡಿಯಲ್ಲಿ ಯಾರೋ ರಿಪೇರಿಯಾದ ಛತ್ರಿಯನ್ನು ಪಟ್ಟನೆ ಬಿಚ್ಚಿ ನೋಡಿದರು. ಲಾಯರಮ್ಮ ಮೇಜು ತಟ್ಟಿದರು. ಕರಡಮ್ಮ ತಟ್ಟಿದಳು. ಮೇಷ್ಟ್ರು ತಮ್ಮ ಗೆಣ್ಣುಗಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡು, ಯಾರ ಮನೆಯ ಬಾಗಿಲನ್ನೋ ತಟ್ಟುವಂತೆ ಮೆಲ್ಲಗೆ ತಟ್ಟಿದರು.

“ಆಡಿದವರು ಅನ್ನೋ ಕಡೆ ಏನಂತ ಹಾಕ್ಲಿ?” ಎಂದು ಕೇಳಿದಳು ಕರಡಮ್ಮ. ಆಮೇಲೆ ಅವಳೇ ಬರೆದುಕೊಂಡು ಓದಿದಳು: “ಸಂಪಾದಕರ ಹೆಂಡತಿ.”

ಟೀ ಬಂತು. ಮೇಷ್ಟ್ರು ಅದನ್ನು ಮುಟ್ಟದೆ ಚೀಲ ಎತ್ತಿಕೊಂಡು ಲಾಯರಮ್ಮನ ಹಿಂದೆ ಮೆಟ್ಟಿಲಿಳಿದರು. ‘ಕ’ದಿಂದ ಇಲ್ಲಿಯವರೆಗೆ ಹಾಗಾದದ್ದು ಯಾರಿಗೂ ನೆನಪಿಲ್ಲ.

ಇಬ್ಬರೇ ಉಳಿದಾಗ ಹೊರಗೆ ಬೆಳಕು ಇಳಿಮುಖವಾಗಿತ್ತು. ಪ್ರಧಾನರು ತಣ್ಣಗಾದ ಟೀ ಕುಡಿದರು. “ಸೇರಿದ ದಿನದಿಂದ ಇದಕ್ಕೇ ಕಾಯ್ತಿದ್ಯಾ?”

“ನಡುನಡುವೆ ಕೆಲಸಾನೂ ಮಾಡಿದೀನಿ ಭಾವ.”

ಆ ಕಚೇರಿಯಲ್ಲಿ ಅವಳು ಭಾವ ಎಂದದ್ದು ಅದೇ ಮೊದಲು. ಅವರು ಅದನ್ನು ಗಮನಿಸಿದರು. “ಏನು ಬೇಕು ಹೇಳು.”

“ಏನೂ ಬೇಡ. ಮೊದಲನೇ ಪುಟದಲ್ಲಿ ಹೊಸ್ತಿಲು ದಾಟದ ಹೆಂಡತಿ ಇದ್ದಾಳೆ. ಒಳಗೆ ‘ಸೆರೆ’ ಕೆಳಗೆ ಅದೇ ಹೆಂಡತಿ ಮಾತಾಡ್ತಾಳೆ. ಎರಡನ್ನೂ ಓದಿದವರು ಏನಂದ್ಕೋತಾರೆ ಅಂತ ನೀವೇ ಯೋಚನೆ ಮಾಡಿ. ಅರ್ಥ ತಟ್ಟಿ ಆಗಿದೆ, ವಾಕ್ಯಾನೂ ಆಗಿದೆ. ಇನ್ನೂ ಕೈಲಿರೋದು ಅರ್ಪಣೆ ಒಂದೇ.”

ಅವರು ಅರ್ಪಣೆಯ ಕರಡನ್ನು ಎಳೆದುಕೊಂಡರು. ಓದಿದರು. ಅರ್ಥವನ್ನು ಕೆಡಿಸಿ ಮತ್ತೆ ಬೀಗ ತರಬಹುದೇ ಎಂದು ಒಂದು ಗಳಿಗೆ ಯೋಚಿಸಿದ್ದು ಅವರ ಹುಬ್ಬಿನಲ್ಲಿ ಕಂಡಿತು. ಆಗಲಿಲ್ಲ, ತಾವು ಹೇಳಿದ ಅರ್ಥಗಳಲ್ಲೇ ಅಚ್ಚುಕಟ್ಟಾದದ್ದು ಅದು. ಹೆಂಡತಿಯನ್ನು ಬಿಟ್ಟುಕೊಡುವುದು ಅದಕ್ಕಿಂತ ಸುಲಭವಾಗಿತ್ತು. ಪೆನ್ನೆತ್ತಿ ಸಾಲಿನ ಮೇಲೆ ನೇರವಾದ ಗೆರೆ ಎಳೆದು, ಅಂಚಿನಲ್ಲಿ ತೆಗೆದುಹಾಕುವ ಗುರುತನ್ನು ಸುತ್ತು ತಪ್ಪದಂತೆ ಹಾಕಿದರು.

ಕರಡಮ್ಮ ಪುಟವನ್ನು ತೆಗೆದುಕೊಂಡು ಚೀಲದಲ್ಲಿಟ್ಟಳು. ಇಷ್ಟಕ್ಕೇ ಬಂದದ್ದು ಅವಳು. ಇನ್ನು ಎದ್ದು ಹೋಗಬಹುದಿತ್ತು.

ಭಾವ ಕನ್ನಡಕ ತೆಗೆದು ಕಂದು ಡಬ್ಬಿಯಲ್ಲಿಟ್ಟು ಕಣ್ಣುಜ್ಜಿಕೊಂಡರು. “ಆಯ್ತಲ್ಲ, ಸಮಾಧಾನ ಆಯ್ತಲ್ಲ? ಒಂದು ಮಾತು ಹೇಳ್ತೀನಿ, ಕೇಳು. ನಿಘಂಟು ನಿಘಂಟೇ, ಮನೆ ಮನೆಯೇ. ನಾನು ಯಾವತ್ತೂ ಬಾಗಿಲು ಹಾಕಿದೋನಲ್ಲ. ತೆಗೆದೇ ಇತ್ತು. ಹೋಗಬೇಕಿದ್ರೆ ಅವಳು ಹೋಗಬಹುದಿತ್ತು.”

ಮಧ್ಯಾಹ್ನ ತಾವೇ ಕಳ್ಳವಾದ ಎಂದು ಕರೆದದ್ದನ್ನು ಸಂಜೆ ಅವರು ಅದೇ ಮೇಜಿನಲ್ಲಿ ಕೂತು ಹೇಳಿದರು, ಹೇಳಿದ್ದು ತಿಳಿಯದೆಯೇ ಹೇಳಿದರು. ಕರಡಮ್ಮನಿಗೆ ಸಿಟ್ಟೂ ಬರಲಿಲ್ಲ. ವರ್ಷಗಟ್ಟಲೆ ಕುದಿಸಿದ ಮೇಲೆ ಸಿಟ್ಟಿನಲ್ಲಿ ನೀರಿನಂಶ ಉಳಿಯುವುದಿಲ್ಲ. ಅವಳು ಹಸಿರು ಡಬ್ಬಿಯನ್ನು ಎತ್ತಿಕೊಂಡಳು. ಆಮೇಲೆ ಕಂದು ಡಬ್ಬಿಯನ್ನೂ ಎತ್ತಿಕೊಂಡಳು.

ಟಕ್ಕೆಂದು ಮುಚ್ಚಿದ ಸದ್ದಿಗೆ ಭಾವ ಮುಖ ತಿರುಗಿಸಿದರು, ಅವಳು ನಿಂತಿದ್ದ ಕಡೆಗಲ್ಲ, ಅವಳ ಪಕ್ಕದ ಕಪಾಟಿನ ಕಡೆಗೆ. “ಏನದು? ನನ್ನದು ಯಾಕೆ ತಗೊಂಡೆ?”

“ಕಣ್ಣಿಗೆ ವಿಶ್ರಾಂತಿ ಬೇಕು ಭಾವ. ಬೆಳಿಗ್ಗೆಯಿಂದ ಓದಿದೀರಿ.”

“ಪುಟ್ಟಿ, ಹುಡುಗಾಟ ಬೇಡ. ನಾನು ಮನೆಗೆ ಹೋಗಬೇಕು. ಈ ಮೆಟ್ಟಿಲು ಗೊತ್ತಲ್ಲ ನಿನಗೆ.”

“ಗೊತ್ತು” ಎಂದಳು ಅವಳು. “ಬಾಗಿಲು ತೆಗೆದೇ ಇದೆ.”

ಹಗ್ಗ ಹಿಡಿದು ಇಳಿದಳು. ಛತ್ರಿ ಅಂಗಡಿಯವನು ಬಾಗಿಲೆಳೆದು ಹೋಗಿದ್ದ. ಅವಳು ರಸ್ತೆ ದಾಟಿ ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಳು. ಅಲ್ಲಿಂದ ಕಚೇರಿಯ ಬಾಗಿಲು ನೇರ ಕಾಣುತ್ತಿತ್ತು; ಹಾರುಹೊಡೆದ ಬಾಗಿಲು, ಒಳಗೆ ಮೇಲಕ್ಕೇರಿದ ಹಲಗೆಗಳು. ತುತ್ತತುದಿಯ ಹಲಗೆಯ ಮೇಲೆ ಎರಡು ಬೂಟುಗಳು ಕಾಣಿಸಿದವು. ಒಂದು ಮುಂದೆ ಬಂದು ಗಾಳಿಯಲ್ಲಿ ಕೆಳಗಿನ ಹಲಗೆಯನ್ನು ಹುಡುಕಿತು, ಸಿಗದೆ ಹಿಂದೆ ಹೋಯಿತು. ಕೈ ಹಗ್ಗವನ್ನು ತಡಕಿತು. ಹಗ್ಗವಿದ್ದದ್ದು ಇನ್ನೊಂದು ಬದಿಗೆ.

ಫೋನು ಅವರ ಜೇಬಿನಲ್ಲೇ ಇತ್ತು. ಅಂಕಿ ಕಾಣದಿದ್ದರೂ ಬೆರಳಿನ ಅಂದಾಜಿನಲ್ಲಿ ಯಾರಿಗಾದರೂ ಮಾಡಬಹುದು. ಮಾಡಿದರೆ, ಬಾಗಿಲು ತೆರೆದಿದ್ದೂ ತಾನು ಇಲ್ಲಿ ಹೇಗೆ ಉಳಿದೆ ಎನ್ನುವುದನ್ನು ಹೇಳಬೇಕಾಗುತ್ತದೆ. ಅದಕ್ಕೊಂದು ಪದ ಬೇಕಾಗುತ್ತದೆ.

ಬೂಟುಗಳು ಮತ್ತೆ ಅಂಚಿಗೆ ಬಂದವು, ಮತ್ತೆ ಹಿಂದೆ ಸರಿದವು.

ಬಸ್ಸು ಬಂದು ನಿಂತಿತು. ಡ್ರೈವರು, “ಬರ್ತೀರೇನಮ್ಮಾ?” ಎಂದು ಕೇಳಿದ. ಕರಡಮ್ಮ ಮಡಿಲಲ್ಲಿದ್ದ ಎರಡು ಡಬ್ಬಿಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದಳು.

“ಮುಂದಿನದಕ್ಕೆ ಬರ್ತೀನಿ” ಎಂದಳು.